ಹನುಮಕ್ಕನ ಡೀಸೆಂಟ್ ಬೋರ್ಡು

ಹನುಮಕ್ಕ ಹೇರೋಹಳ್ಳಿಗೆ ಸೊಸೆಯಾಗಿ ಬಂದಾಗ, ಈಗ ಅವಳ ಮೂರಂತಸ್ತಿನ ಮನೆ ಇರುವ ಜಾಗದಲ್ಲಿ ರಾಗಿ ಹೊಲದ ಅವರೆ ಸಾಲಿತ್ತು. ರಾಗಿ ಕೊಯ್ದ ಅವಳ ಕೈ ಈಗ ಬಾಡಿಗೆಯವರಿಗೆ ಬೀಗದ ಕೈ ಕೊಡುತ್ತದೆ. ಮೇಲಿನ ಮನೆ ಖಾಲಿಯಾದಾಗ, ಬೀದಿಯ ಬೋರ್ಡುಗಳಲ್ಲೆಲ್ಲ ಇದ್ದದ್ದನ್ನೇ ಬರೆಸಿ ಗೇಟಿಗೆ ನೇತುಹಾಕಿದಳು: ‘ಡೀಸೆಂಟ್ ಫ್ಯಾಮಿಲಿಗೆ ಮಾತ್ರ’. ಡೀಸೆಂಟ್ ಅಂದರೇನು ಅಂತ ಕೇಳಿರಲಿಲ್ಲ. ಎಲ್ಲರೂ ಬರೆಸಿದ್ದರು, ತಾನೂ ಬರೆಸಿದಳು.

ಪುಟ್ಟಲಕ್ಷ್ಮಿ ಬಂದಳು ನೋಡಿ, ಅಲ್ಲಿಂದ ಶುರುವಾಯಿತು ಗೊಂದಲ. ಸಿಟಿ ಬಸ್ಸಿನ ಕಂಡಕ್ಟರು, ಗಂಡನನ್ನು ಬಿಟ್ಟು ತಾಯಿಯೊಡನೆ ಇರುವವಳು. ಮನೆ ನೋಡುವ ಮೊದಲೇ, ಟ್ಯಾಂಕು ತುಂಬಿ ಸುರಿಯುತ್ತಿದ್ದುದನ್ನು ಕಂಡು ಓಡಿಹೋಗಿ ಮೋಟಾರ್ ಆಫ್ ಮಾಡಿದಳು. ಹನುಮಕ್ಕನಿಗೆ ಅಲ್ಲೇ ಹಿಡಿಸಿಬಿಟ್ಟಳು. ಆದರೆ ಹೋಗುವಾಗ ಬೋರ್ಡು ಓದಿ, “ಅಮ್ಮಾ, ನಾವು ಇದ್ರಲ್ಲಿ ಬರ್ತೀವಾ? ಸಂಜೆ ಬರ್ತೀನಿ, ಹೇಳಿ” ಎಂದಳು.

ಮಗ ಭೈರೇಶನನ್ನು ಕೇಳಿದರೆ, “ಗಂಡ ಬಿಟ್ಟೋಳು, ಹೊತ್ತಲ್ಲದ ಹೊತ್ತಲ್ಲಿ ಬರ್ತಾಳೆ. ಡೀಸೆಂಟ್ ಅಲ್ಲ ಕಣಮ್ಮ” ಎಂದ.

“ನಿಮ್ಮಪ್ಪ ಹೋದ್ಮೇಲೆ ನಂಗೂ ಗಂಡ ಇಲ್ವಲ್ಲೋ!”

ಎದುರುಮನೆಯ ಬಸವರಾಜೇಶ್ವರಿ ಬಟ್ಟೆ ಒಣಹಾಕುತ್ತ, “ಅಷ್ಟೂ ಗೊತ್ತಿಲ್ವಾ ಹನುಮಕ್ಕ? ಮನೇಲಿ ಮಾಂಸ ಮಾಡ್ಬಾರ್ದು, ಜೋರಾಗಿ ಮಾತಾಡ್ಬಾರ್ದು” ಎಂದಳು.

ಹನುಮಕ್ಕನ ಒಲೆಯ ಮೇಲೆ ಕುರಿಯ ಬೋಟಿ ಗೊಜ್ಜು ಕುದಿಯುತ್ತಿತ್ತು. ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು: “ಹಂಗಾದ್ರೆ ನಮ್ಮನೇಲಿ ನಮಗೇ ಜಾಗ ಇಲ್ವಲ್ಲಾ ರಾಜೇಶ್ವರಮ್ಮ!”

ಕೊನೆಗೆ ಮೊಮ್ಮಗಳು ಸ್ಪಂದನ ಮೊಬೈಲಿನಲ್ಲಿ ಹುಡುಕಿದಳು. “ಲ್ಯಾಟಿನ್ ಅಂತ ಹಳೇ ಭಾಷೆಯಿಂದ ಬಂದಿದ್ದು ಅಜ್ಜಿ. ಮೊದ್ಲು ‘ಒಪ್ಪೋದು’ ಅಂತ ಅರ್ಥ ಇತ್ತಂತೆ. ಆಮೇಲೆ ಮರ್ಯಾದಸ್ಥರು ಅಂತಾಯ್ತು. ಈಗ ಪರವಾಗಿಲ್ಲ ಅನ್ನೋಕೂ ಅಂತಾರೆ, ‘ಡೀಸೆಂಟ್ ಸಂಬಳ’ ಅನ್ನಲ್ವಾ, ಹಂಗೆ.”

“ಒಪ್ಪೋದು ಅಂದ್ರೆ ಯಾರಿಗೆ ಒಪ್ಪೋದೇ? ನಿಮ್ಮಪ್ಪಂಗಾ, ರಾಜೇಶ್ವರಮ್ಮಂಗಾ, ನಂಗಾ?”

ಸ್ಪಂದನ ಬೆರಳಲ್ಲಿ ಮೇಲೆ ಕೆಳಗೆ ಸರಿಸಿ ನೋಡಿದಳು. “ಅದು ಇಲ್ಲಿ ಬರ್ದಿಲ್ಲ ಅಜ್ಜಿ.”

ಸಂಜೆ ಪುಟ್ಟಲಕ್ಷ್ಮಿ ಯೂನಿಫಾರ್ಮಿನಲ್ಲೇ ಬಂದು ಗೇಟಿನ ಆಚೆ ನಿಂತಳು, ಒಳಗೆ ಕಾಲಿಡಲಿಲ್ಲ. ಹನುಮಕ್ಕ ಬೋರ್ಡಿನ ತಂತಿ ಬಿಚ್ಚುತ್ತ, “ಇದ್ರಲ್ಲಿ ನಾನೇ ಬರ್ತೀನೋ ಇಲ್ವೋ ಗೊತ್ತಾಗ್ತಿಲ್ಲ ಕಣಮ್ಮ. ಶುಕ್ರವಾರ ಹಾಲುಕ್ಕಿಸು. ಮೋಟಾರ್ ಮಾತ್ರ ನೀನೇ ನೋಡ್ಕೋ” ಎಂದಳು. ಭೈರೇಶ ಮುಖ ಸಿಂಡರಿಸಿದ. ಮನೆ ಅಮ್ಮನದು, ಏನು ಮಾಡಿಯಾನು!

ಬೋರ್ಡು ಈಗ ಹಿತ್ತಲಿನ ನೀರಿನ ಡ್ರಮ್ಮಿಗೆ ಮುಚ್ಚಳ. ನೀರು ತೆಗೆಯಲು ಹೋದಾಗಲೆಲ್ಲ ಹನುಮಕ್ಕ ಆ ಅಕ್ಷರಗಳನ್ನು ಇನ್ನೊಮ್ಮೆ ನೋಡುತ್ತಾಳೆ. “ಒಪ್ಪೋದಂತೆ, ಯಾರಿಗೋ!” ಎಂದು ಗೊಣಗಿ ಮುಚ್ಚುತ್ತಾಳೆ.