ನೀಲಕ್ಕನ ಊಟದ ಲೆಕ್ಕ

ನೀಲಕ್ಕ ಊಟ ಮಾಡಿದ್ದನ್ನು ಕಣ್ಣಾರೆ ಕಂಡವರು ಶಿಕಾರಿಪುರದಲ್ಲಿ ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಖಾನಾವಳಿ ಇತ್ತು. ಬ್ಯಾಂಕಿನವರು, ಕೋರ್ಟ್ ಕೆಲಸಕ್ಕೆ ಬಂದ ಹಳ್ಳಿಯವರು, ಲಾರಿ ಡ್ರೈವರುಗಳು, ನನ್ನಂಥ ಟೀಚರುಗಳು, ಎಲ್ಲರೂ ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು, ಬೆಲ್ಟಿದ್ದವರು ಬೆಲ್ಟು ಸಡಿಲಿಸಿಕೊಂಡು ಏಳುತ್ತಿದ್ದೆವು. ಬಡಿಸುವ ನೀಲಕ್ಕ ಮಾತ್ರ ಕಡ್ಡಿಯ ಹಾಗಿದ್ದರು. ಹಣೆಯಲ್ಲಿ ಅಗಲವಾದ ವಿಭೂತಿ, ಎಡ ಸೊಂಟದ ಮೇಲೆ ಬಿಳಿ ಬಟ್ಟೆ ಮುಚ್ಚಿದ ರೊಟ್ಟಿ ಬುಟ್ಟಿ. ರವಿಕೆಯ ತೋಳು ಎಂದೋ ಯಾರದೋ ಅಳತೆಗೆ ಹೊಲಿದದ್ದು ಅನ್ನಿಸುವಷ್ಟು ದೊಗಳೆ.

ಅವರ ಖಾನಾವಳಿಯಲ್ಲಿ ‘ಸಾಕು’ ಎಂಬ ಮಾತಿಗೆ ಬೆಲೆ ಇರಲಿಲ್ಲ. ನಾವು ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದರೆ, ನೀಲಕ್ಕ ಎರಡೇ ಬೆರಳಿನಲ್ಲಿ ನಮ್ಮ ಮಣಿಕಟ್ಟು ಹಿಡಿದು, ಅನ್ನದಲ್ಲಿ ಸಿಕ್ಕ ಕರಿಬೇವನ್ನು ಎತ್ತಿಡುವ ಹಾಗೆ ನಾಜೂಕಾಗಿ ಎತ್ತಿ ಪಕ್ಕಕ್ಕಿಟ್ಟು, ರೊಟ್ಟಿ ಹಾಕಿಬಿಡುತ್ತಿದ್ದರು.

“ಇನ್ನೊಂದು. ಬಾಯಿ ಸಾಕು ಅಂತೈತಿ, ಕಣ್ಣು ಬುಟ್ಟಿ ಕಡೀಗೇ ಐತಲ್ರೀ.”

ತಾನಾಗಿ ಹಾಕಿಕೊಂಡು ತಿಂದದ್ದು ಊಟವಲ್ಲ ಎನ್ನುವುದು ಅವರ ಮತ. ಒಮ್ಮೆ ಅವಸರದಲ್ಲಿದ್ದ ಕ್ಲಾರ್ಕ್ ಒಬ್ಬ ಬುಟ್ಟಿಗೆ ತಾನೇ ಕೈ ಹಾಕಿದ. “ಅದು ದನ ಮೇದಂಗೆ ಆತಪ್ಪ. ಬಡಿಸೋರು ಒಬ್ರು, ಬ್ಯಾಡ ಅನ್ನೋರು ಒಬ್ರು ಇದ್ರೇನೆ ಊಟ” ಎಂದು ಆ ರೊಟ್ಟಿಯನ್ನು ಅವನ ಕೈಯಿಂದ ವಾಪಸ್ ತೆಗೆದುಕೊಂಡು, ಮತ್ತೆ ತಾವೇ ಬಡಿಸಿದರು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ ಸೊರಬಕ್ಕೆ ಸೊಸೆಯಾಗಿ ಬಂದವಳು. ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ವಾರವೆಲ್ಲ ಅಲ್ಲೊಂದು ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು. ಆ ಕಡೆ ಟೀಚರಿಗೆ ‘ಅಕ್ಕೋರು’ ಅನ್ನುತ್ತಾರೆ. ನನಗಿಂತ ಹಿರಿಯರಾದ ನೀಲಕ್ಕ ನನ್ನನ್ನು ಅಕ್ಕೋರೇ ಅನ್ನುವುದು, ನಾನು ಅವರನ್ನು ನೀಲಕ್ಕ ಅನ್ನುವುದು. ನಮ್ಮಿಬ್ಬರಲ್ಲಿ ತಂಗಿಯಾಗುವವರು ಯಾರೂ ಇರಲಿಲ್ಲ.

ಆಗ ನನ್ನ ತೂಕ ಏರಿತ್ತು. ಡಾಕ್ಟರು ಡಯಟ್ ಹೇಳಿದ್ದರು. ಒಂದು ಮ್ಯಾಗಜೀನಿನಿಂದ ಕತ್ತರಿಸಿದ ಕ್ಯಾಲೋರಿ ಚಾರ್ಟನ್ನು ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದೆ. ಆದರೆ ಮಧ್ಯಾಹ್ನ ಬಂದು ಕೂರುವುದು ನೀಲಕ್ಕನ ಮುಂದೆ. ಆ ಚಾರ್ಟು ಪಾಪ ಏನು ಮಾಡೀತು.

“ಬೇಡ ನೀಲಕ್ಕ, ಪ್ಲೀಸ್. ಕ್ಯಾಲೋರಿ ಲೆಕ್ಕ ಹಾಕಿ ತಿನ್ನಬೇಕಂತೆ ನಾನು.”

“ಹಂಗಂದ್ರೆ ಏನ್ರೀ ಅಕ್ಕೋರೇ?”

“ತಿಂದದ್ದರಿಂದ ಮೈಗೆ ಶಕ್ತಿ ಬರುತ್ತಲ್ಲ, ಅದರ ಅಳತೆ. ಒಂದು ರೊಟ್ಟಿಗೆ ನೂರು ಚಿಲ್ಲರೆ ಅನ್ಕೊಳ್ಳಿ.”

“ಎಣ್ಣೆಗಾಯಿಗೆ?”

“ಅದನ್ನ ಕೇಳಬೇಡಿ.”

ನೀಲಕ್ಕ ನಕ್ಕು, ರೊಟ್ಟಿ ಹಾಕಿಯೇ ಒಳಗೆ ಹೋದರು. ಒಳಗೆ ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಿದ್ದ ಒಂದು ಮಾತ್ರೆ ಸ್ಟ್ರಿಪ್ ತಂದು ನನ್ನ ತಟ್ಟೆಯ ಪಕ್ಕ ಇಟ್ಟರು.

“ಹಂಗಾರೆ ಇದಕ್ಕೆ ಎಷ್ಟು ಹೇಳ್ರಿ.”

ಮಲ್ಟಿವಿಟಮಿನ್. ಮೇಲೆ ‘ಮಾರಾಟಕ್ಕಲ್ಲ’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೊಟ್ಟವರು ಪ್ರಭಾಕರ, ದಾವಣಗೆರೆಯಿಂದ ತಿಂಗಳಿಗೊಮ್ಮೆ ಡಾಕ್ಟರುಗಳನ್ನು ನೋಡಲು ಬರುತ್ತಿದ್ದ ಮೆಡಿಕಲ್ ರೆಪ್. ಊಟಕ್ಕೆ ಬಂದಾಗ ತಮ್ಮ ಕರಿ ಬ್ಯಾಗಿನಿಂದ ಸ್ಯಾಂಪಲ್ ತೆಗೆದು ನೀಲಕ್ಕನಿಗೆ ಕೊಡುವುದು ರೂಢಿ. “ಎಲ್ಲಾ ಐತಕ್ಕ ಇದ್ರಾಗೆ, ತಗೊಳ್ಳಲೇಬೇಕು” ಎನ್ನುತ್ತಿದ್ದರಂತೆ. ನೀಲಕ್ಕ ಆ ಮಾತನ್ನು ಅಕ್ಷರಶಃ ಹಿಡಿದುಕೊಂಡಿದ್ದರು. ಮಧ್ಯಾಹ್ನ ಎಲ್ಲರೂ ಎದ್ದ ಮೇಲೆ ಒಂದು ಮಾತ್ರೆ, ಒಂದು ಲೋಟ ಮಜ್ಜಿಗೆ. ಮುಗಿಯಿತು. ಎಲ್ಲಾ ಇರುವ ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಮತ್ತೆ ರೊಟ್ಟಿ ತಿಂದರೆ ಎರಡು ಸಲ ಉಂಡಂತೆ ಎನ್ನುವುದು ಅವರ ಲೆಕ್ಕ.

“ನೀಲಕ್ಕ, ಇದರಲ್ಲಿ ಕ್ಯಾಲೋರಿ ಇಲ್ಲ. ಸೊನ್ನೆ ಅನ್ಕೊಳ್ಳಿ.”

“ಎಲ್ಲಾ ಐತಿ ಅಂತಾನಲ್ರೀ ಅವನು.”

“ವಿಟಮಿನ್ ಎಲ್ಲಾ ಇರಬಹುದು. ಊಟ ಇಲ್ಲ.”

ನಮ್ಮ ಕಾನ್ವೆಂಟಿನಲ್ಲಿ ಹೈಜೀನ್ ಪಾಠ ಮಾಡುತ್ತಿದ್ದ ಸಿಸ್ಟರ್ ಆಗ್ನೆಸ್ ವಿಟಮಿನ್‌ಗಳನ್ನು ಹೆಲ್ಪರ್ಸ್ ಅನ್ನುತ್ತಿದ್ದರು. ಹೆಲ್ಪರ್ಸ್, ನಾಟ್ ಫ್ಯೂಯಲ್. ಅದನ್ನು ನೀಲಕ್ಕನಿಗೆ ಹೇಗೆ ಹೇಳುವುದು ಅಂತ ಸುತ್ತ ನೋಡಿದೆ. ಒಲೆಯ ಪಕ್ಕ ಊದುಗೊಳವೆ ಬಿದ್ದಿತ್ತು.

“ವಿಟಮಿನ್ ಅಂದ್ರೆ ಆ ಊದುಗೊಳವೆ ಇದ್ದ ಹಾಗೆ. ಊದಿದರೆ ಬೆಂಕಿ ಚೆನ್ನಾಗಿ ಹತ್ತುತ್ತೆ ನಿಜ. ಆದರೆ ಒಲೇಲಿ ಕಟ್ಟಿಗೆನೇ ಇಲ್ಲದಿದ್ದರೆ ಎಷ್ಟು ಊದಿದರೇನು? ಬೂದಿ ಹಾರುತ್ತೆ ಅಷ್ಟೆ.”

ನೀಲಕ್ಕ ಊದುಗೊಳವೆಯನ್ನೂ ಸ್ಟ್ರಿಪ್ಪನ್ನೂ ನೋಡಿದರು.

“ಪಾಠ ಚೊಲೋ ಮಾಡ್ತೀರಿ ಅಕ್ಕೋರೇ. ಮಜ್ಜಿಗೆ ಹಾಕ್ಲಾ?”

ಮರುದಿನವೂ ಅದೇ ಮಾತ್ರೆ, ಅದೇ ಮಜ್ಜಿಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಬುಟ್ಟಿಯನ್ನು ಸೊಂಟದಿಂದ ಇಳಿಸಿ ಬೆಂಚಿನ ಮೇಲಿಟ್ಟು ಸುಧಾರಿಸಿಕೊಳ್ಳುವುದು ಕಾಣತೊಡಗಿತು. ಒಂದು ದಿನ ಒಲೆಯ ಮುಂದಿನಿಂದ ಏಳುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದರು. ಡಾಕ್ಟರು ನೋಡಿ, ಮೈಯಲ್ಲಿ ಕಸುವೇ ಇಲ್ಲ, ಊಟ ಮಾಡಬೇಕು, ಇಲ್ಲದಿದ್ದರೆ ಒಂದು ದಿನ ಬಿದ್ದವರು ಏಳುವುದು ಕಷ್ಟ ಎಂದರು. ಅದನ್ನು ಪ್ರಭಾಕರ ಕೇಳಿಸಿಕೊಂಡು, ಪಾಪ ಒಳ್ಳೆಯ ಮನಸ್ಸಿನಿಂದಲೇ, ಸ್ಟ್ರಾಂಗ್ ಇರುವುದೊಂದು ಬಾಟಲಿ ತಂದುಕೊಟ್ಟರು. ಬಂಗಾರದ ಬಣ್ಣದ, ಗಾಜಿನ ಮಣಿಯಂಥ ಕ್ಯಾಪ್ಸೂಲುಗಳು. ನೀಲಕ್ಕನಿಗೆ ಬಹಳ ಮೆಚ್ಚಿಕೆಯಾಯಿತು. ಬೆಳಕಿಗೆ ಹಿಡಿದು ನೋಡಿ ನುಂಗುತ್ತಿದ್ದರು.

“ಇದಕ್ಕಾದ್ರೂ ಕ್ಯಾಲೋರಿ ಐತಾ ಓದಿ ಹೇಳ್ರಿ” ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟರು.

ನಾನು ಲೇಬಲ್ ಓದಿದೆ. ಮತ್ತೊಮ್ಮೆ ಓದಿದೆ.

“ಯಾಕ್ರೀ, ಸಣ್ಣ ಅಕ್ಷರನಾ?”

“ನೀಲಕ್ಕ, ಇದು ಎಣ್ಣೆ. ಎಣ್ಣೆ ಅಂದ ಮೇಲೆ ಒಂಚೂರು ಕ್ಯಾಲೋರಿ ಇದ್ದೇ ಇರುತ್ತೆ. ಆದರೆ...”

“ಯಾವ ಎಣ್ಣೆ? ಶೇಂಗಾನಾ, ಕುಸುಬೀನಾ?”

“ಮೀನಿನ ಎಣ್ಣೆ.”

ಲಿಂಗಪೂಜೆ ಆಗದೆ ನೀರು ಮುಟ್ಟದ ಹೆಂಗಸು. ಅವರ ಅಡುಗೆಮನೆಯೊಳಗೆ ಮೊಟ್ಟೆಯ ಹೆಸರು ಎತ್ತುವುದಕ್ಕೂ ಗಿರಾಕಿಗಳು ಹೆದರುತ್ತಿದ್ದರು. ನೀಲಕ್ಕ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಹಣೆಗೆ ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದು ನನ್ನೆದುರು ಕುಳಿತರು. ಬಾಟಲಿಯ ಮುಚ್ಚಳ ಬಿಗಿ ಮಾಡುತ್ತ ಹೇಳಿದರು:

“ಗೊತ್ತಿಲ್ಲದೆ ತಿಂದಿದ್ದು ಲೆಕ್ಕಕ್ಕಿಲ್ಲ. ಶಿವನ ಲೆಕ್ಕಕ್ಕೂ ಇಲ್ಲ, ನಿಮ್ಮ ಕ್ಯಾಲೋರಿ ಲೆಕ್ಕಕ್ಕೂ ಇಲ್ಲ.”

ಕ್ಯಾಲೋರಿ ಇದ್ದ ಒಂದೇ ಒಂದು ಗುಳಿಗೆಯೂ ಹೀಗೆ ಅವರ ಊಟದಿಂದ ಹೊರಗೆ ಹೋಯಿತು.

ಮುಂದಿನ ಸಲ ಪ್ರಭಾಕರ ಬಂದಾಗ ನಾನು ಅಲ್ಲೇ ಇದ್ದೆ. ನೀಲಕ್ಕ ಬೈಯಲಿಲ್ಲ. ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಅವರ ಬ್ಯಾಗಿನ ಮೇಲಿಟ್ಟರು. ಎಂದಿನಂತೆ ತಟ್ಟೆ ಹಾಕಿದರು, ರೊಟ್ಟಿ, ಪಲ್ಯ, ಚಟ್ನಿ, ಎಲ್ಲ ಬಡಿಸಿದರು. ಪ್ರಭಾಕರ ಉಂಡರು. ಅಭ್ಯಾಸ ಬಲದಿಂದ ಅಂಗೈಯನ್ನು ತಟ್ಟೆಗೆ ಅಡ್ಡ ಹಿಡಿದು ಕಾದರು. ನೀಲಕ್ಕ ಬುಟ್ಟಿಯೊಂದಿಗೆ ಅವರನ್ನು ದಾಟಿ ಮುಂದಿನವರ ಹತ್ತಿರ ಹೋದರು. ಆ ಮನುಷ್ಯ ಅಂಗೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ಕೈ ತೊಳೆಯುವಾಗ ಅವರು ನನಗೆ ಮೆಲ್ಲಗೆ ಹೇಳಿದರು, “ಬೈದಿದ್ರೆ ಚೆನ್ನಾಗಿತ್ತು ಮೇಡಂ.”

ಮರು ತಿಂಗಳು ಅವರು ಮತ್ತೆ ಹಳೆಯ ಮಾತ್ರೆಯನ್ನೇ ತಂದರು. ಈ ಸಲ ಲೇಬಲ್ಲನ್ನು ಮೊದಲು ನನ್ನಿಂದ ಓದಿಸಿ, ಆಮೇಲೆ ಎರಡೂ ಕೈಯಲ್ಲಿ ನೀಲಕ್ಕನಿಗೆ ಕೊಟ್ಟರು. “ಒಲ್ಲೆ ಅನ್ನಬೇಡ್ರಿ ಅಕ್ಕ, ತಗೊಳ್ಳಲೇಬೇಕು.” ನೀಲಕ್ಕ ಅಂಗೈ ಅಡ್ಡ ಹಿಡಿದರು. ಪ್ರಭಾಕರ ಆ ಕೈಯನ್ನು ಸರಿಸಿ ಸ್ಟ್ರಿಪ್ ಇಟ್ಟರು. ಆ ದಿನ ಅವರ ತಟ್ಟೆಗೆ ಇನ್ನೊಂದಲ್ಲ, ಮತ್ತೆರಡು ರೊಟ್ಟಿ ಬಿದ್ದವು.

ನನಗೆ ರೇಗಿಹೋಯಿತು. ಎಲ್ಲರೂ ಹೋದ ಮೇಲೆ ನೀಲಕ್ಕನನ್ನು ತರಾಟೆಗೆ ತೆಗೆದುಕೊಂಡೆ.

“ಮತ್ತೆ ಅದೇ ಮಾತ್ರೆನಾ? ಅದು ಊಟ ಅಲ್ಲ ಅಂತ ಎಷ್ಟು ಸಲ ಹೇಳಲಿ? ನೀವು ಬೀಳ್ತೀರಿ ನೀಲಕ್ಕ. ಬುಟ್ಟಿ ತುಂಬ ರೊಟ್ಟಿ ಇದೆ ನಿಮ್ಮ ಪಕ್ಕದಲ್ಲೇ.”

“ಐತ್ರೀ. ನನಗೇನು ಕಣ್ಣಿಲ್ಲಾ?” ಅಂದರು. ಬುಟ್ಟಿಯ ಬಟ್ಟೆಯನ್ನು ಮಡಿಸುತ್ತ, ನನ್ನ ಕಡೆ ನೋಡದೆ ಮುಂದುವರಿಸಿದರು. “ನಮ್ಮ ಮನಿಯವರಿದ್ದಾಗ ಎಲ್ಲಾ ಎದ್ದ ಮ್ಯಾಲೆ ಅವರೇ ಬಡಿಸೋರು. ನಾನು ಸಾಕು ಅನ್ನಾದು, ಅವರು ಹಾಕಾದು. ಅವರು ಹೋದ ಮ್ಯಾಲೆ ಒಬ್ಬಾಕೆ ತಟ್ಟೆ ಇಟ್ಕಂಡು ಕುಂತ್ರೆ ಗಂಟಲ್ದಾಗೆ ಇಳಿಯಂಗಿಲ್ರೀ. ಆ ಹುಡುಗ ಗುಳಿಗೆನಾದ್ರೂ ತಗೊಳ್ಳಲೇಬೇಕು ಅಂತ ಕೈಯಾಗಿಡ್ತಾನೆ. ಅದೊಂದು ಇಳಿತೈತಿ.”

ಹುಡುಗ ಅಂದರೆ ಪ್ರಭಾಕರ. ಅವರ ತಲೆ ಆಗಲೇ ಅರ್ಧ ನರೆತಿತ್ತು.

ನಾನು ಎದ್ದು ಒಳಗೆ ಹೋಗಿ ತಟ್ಟೆ ತೆಗೆದುಕೊಂಡೆ. ನೀಲಕ್ಕ ಅದನ್ನು ನನ್ನ ಕೈಯಿಂದ ಮೆತ್ತಗೆ ಬಿಡಿಸಿಕೊಂಡರು.

“ಉಣ್ಣಾಕೆ ಬಂದೋರ ಕೈಲಿ ಬಡಿಸ್ಕಂಡ್ರೆ ಈ ಒಲಿ ನನ್ನನ್ನು ನೋಡಿ ನಗ್ತೈತಿ. ಇದು ನನ್ನ ಮನಿ, ಇಲ್ಲಿ ಬಡಿಸೋಳು ನಾನೇ.”

“ಹಾಗಾದರೆ ನಮ್ಮನೆಗೆ ಬನ್ನಿ. ಸೊರಬ ಏನು ದೂರ?”

“ಬರ್ತೀನಿ. ಬಂದ ದಿನ ನೀವು ಬಡಿಸ್ರಿ, ಉಣ್ತೀನಿ. ಮಾತು ಕೊಟ್ಟೀನಿ, ಆತಲ್ಲ?”

ಅವರ ತಮ್ಮನ ಮನೆ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ. ಹಾಗಾಗಿ ದಾರಿ ಹೊಸದಲ್ಲ. ಪ್ರತಿ ಶನಿವಾರ ಬಸ್ಸಿಗೆ ಹೊರಡುವಾಗ ನಾನು ಕರೆಯುವುದು, “ಈ ವಾರ ಹೆಂಗಾಗ್ತೈತ್ರೀ, ಕೋರ್ಟಿನ ಮಂದಿ ಬರ್ತಾರೆ” ಎಂದೋ, “ಡ್ರೈವರುಗಳಿಗೆ ಹೇಳಿಲ್ಲ, ಬಾಗಿಲು ಬಡಿದು ಹೋಗ್ತಾವೆ ಪಾಪ” ಎಂದೋ ಅವರು ತಪ್ಪಿಸುವುದು. ಮರುವರ್ಷದ ಶ್ರಾವಣ ಬಂತು, ದೀಪಾವಳಿ ಬಂತು. ನನಗೆ ಸೊರಬಕ್ಕೇ ವರ್ಗವಾಯಿತು. ಬೀಳ್ಕೊಡುವ ದಿನವೂ ನನ್ನ ಮಣಿಕಟ್ಟು ಹಿಡಿದು ಸರಿಸಿ ರೊಟ್ಟಿ ಹಾಕಿದರು. ಆ ಬೆರಳುಗಳಲ್ಲಿ ಹಿಡಿತವೇ ಇರಲಿಲ್ಲ. ನಾನೇ ಕೈ ಎತ್ತಿಕೊಂಡೆ.

ಕೊನೆಯ ಸಲ ಅವರನ್ನು ನೋಡಿದ್ದು ಸೊರಬದ ನಮ್ಮ ಮನೆಯಲ್ಲೇ. ಖಾನಾವಳಿ ಮುಚ್ಚಿತ್ತು. ಒಲೆಯ ಮುಂದೆ ಕೂರುವ ತ್ರಾಣ ಇರಲಿಲ್ಲ, ತಮ್ಮ, ನಮ್ಮಲ್ಲೇ ಬಂದು ಇರು ಎಂದು ಕರೆದಿದ್ದ. ಕುಪ್ಪಗಡ್ಡೆಗೆ ಹೋಗುವವರು ದಾರಿಯಲ್ಲಿ ಇಳಿದು, ಒಂದು ಬಟ್ಟೆಗಂಟು ಹಿಡಿದುಕೊಂಡು, ಬಿಸಿಲಲ್ಲಿ ನಮ್ಮ ಗೇಟಿನ ಹತ್ತಿರ ನಿಂತಿದ್ದರು. ಗೇಟಿನ ಚಿಲಕ ತೆಗೆಯಲಾಗಿರಲಿಲ್ಲ ಅವರಿಗೆ.

“ಮಾತು ಕೊಟ್ಟಿದ್ನಲ್ರೀ” ಎಂದರು.

ನಮ್ಮಲ್ಲಿ ಜೋಳದ ಹಿಟ್ಟು ಇರಲಿಲ್ಲ. ಅಕ್ಕಿರೊಟ್ಟಿ ತಟ್ಟಿದೆ, ಬದನೆಕಾಯಿ ಪಲ್ಯ ಮಾಡಿದೆ, ಬೆಣ್ಣೆ ಇಟ್ಟೆ. ನೀಲಕ್ಕ ಅಡುಗೆಮನೆಯ ಬಾಗಿಲಲ್ಲಿ ಕೂತು, ನನ್ನ ರೊಟ್ಟಿಯ ಅಂಚು ಒಡೆದಿದ್ದನ್ನು ನೋಡಿ, “ಇಂಗ್ಲಿಷ್ ರೊಟ್ಟಿ” ಎಂದು ನಕ್ಕರು. ಕೈಕಾಲು ತೊಳೆದುಕೊಂಡು ಬಂದು ತಟ್ಟೆಯ ಮುಂದೆ ಕೂತಾಗ ಮಾತ್ರ ಮುಖ ಬೇರೆಯಾಯಿತು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಿಸಿದ ಹೊಸ ಬೀಗರ ಹಾಗೆ ಸೆರಗು ಸರಿಮಾಡಿಕೊಂಡರು.

ಒಂದು ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಬಹಳ ಹೊತ್ತು ತಿಂದರು. ಪ್ರತಿ ತುತ್ತಿಗೂ ಗಂಟಲಿನ ನರ ಏರಿ ಇಳಿಯುವುದು ಕಾಣುತ್ತಿತ್ತು. ಹೊಟ್ಟೆ ಯಾವ ಕಾಲಕ್ಕೋ ಅಭ್ಯಾಸ ಮರೆತಿತ್ತು. ಸಾಕು ಎಂದು ಅಂಗೈ ಅಡ್ಡ ಹಿಡಿದರು. ನಾನು ಎರಡು ಬೆರಳಿನಲ್ಲಿ ಆ ಮಣಿಕಟ್ಟು ಹಿಡಿದು ಸರಿಸಿದೆ. ತೂಕವೇ ಇರಲಿಲ್ಲ ಅದಕ್ಕೆ. ಇನ್ನೊಂದು ರೊಟ್ಟಿ ಹಾಕಿದೆ.

“ಬಾಯಿ ಸಾಕು ಅಂತೈತಿ” ಅಂದೆ, ಅವರದೇ ಧಾಟಿಯಲ್ಲಿ.

ನೀಲಕ್ಕ ತಲೆ ತಗ್ಗಿಸಿದರು. ಅದರಲ್ಲಿ ಅರ್ಧ ಮುರಿದು ತಿಂದರು. ಉಳಿದರ್ಧ ತಟ್ಟೆಯಲ್ಲೇ ಉಳಿಯಿತು. ಖಾನಾವಳಿಯಲ್ಲಿ ಯಾರಾದರೂ ಹಾಗೆ ಬಿಟ್ಟರೆ ಸುಮ್ಮನಿರುವವರಲ್ಲ ಅವರು.

ಬಸ್ಸಿನ ಹೊತ್ತಾಗಿತ್ತು. ಏಳುವ ಮುಂಚೆ ಸೊಂಟದ ಸಂಚಿ ಬಿಚ್ಚಿದರು, ಎಲೆಯಡಿಕೆ ಹಾಕಿಕೊಳ್ಳಲು. ಎಲೆಗಳ ನಡುವೆ ಪ್ರಭಾಕರ ಕೊಟ್ಟ ಸ್ಟ್ರಿಪ್ ಇತ್ತು. ಊಟವಾದ ಮೇಲಿನ ಮಾತ್ರೆಯ ನೆನಪಾಯಿತೆಂದು ನಾನು ನೀರಿನ ಲೋಟ ಹಿಡಿದು ನಿಂತೆ. ನೀಲಕ್ಕ ಸ್ಟ್ರಿಪ್ಪನ್ನು ಒಮ್ಮೆ ನೋಡಿ, ಮತ್ತೆ ಎಲೆಗಳ ನಡುವೆಯೇ ಇಟ್ಟು, ಸಂಚಿಯ ದಾರ ಎಳೆದರು.

“ಇವತ್ತು ಬ್ಯಾಡ್ರೀ ಅಕ್ಕೋರೇ” ಎಂದರು. “ಇವತ್ತು ಉಂಡೀನಿ.”