‘ಆ’ ಅನ್ನಿ ತಾತ

ಅವರ ಎಡಗೈಯ ಎರಡು ಬೆರಳು ಯಾವಾಗಲೂ ತಣ್ಣಗಿರುತ್ತಿದ್ದವು. ತಿಪಟೂರಿನಿಂದ ಬಿಳಿಗೆರೆಗೆ ಸ್ಕೂಟರಿನಲ್ಲಿ ಬಂದು, ಕೈ ತೊಳೆದು, ನಮ್ಮ ತಾತನ ಗಂಟಲಿನ ಉಬ್ಬಿನ ಮೇಲೆ ಆ ಬೆರಳಿಟ್ಟರೆ ತಾತ ಬೆಚ್ಚಿಬೀಳುತ್ತಿದ್ದ.

“ಕತ್ತು ಹಿಸುಕಕ್ಕೆ ಬಂದ್ಯೇನವ್ವಾ?”

“ಇಲ್ಲ ತಾತ. ನುಂಗಿ, ಗಂಟಲು ಮೇಲೇಳ್ತದಾ ನೋಡಾನ.”

ನುಂಗಲಾರದವರಿಗೆ ನುಂಗುವುದನ್ನು ಮತ್ತೆ ಕಲಿಸುವುದೇ ಆಸ್ಪತ್ರೆಯಲ್ಲಿ ಅವರ ಕೆಲಸ. ಊರಿಗೆಲ್ಲ ಅಡ್ಡಹೆಸರಿಟ್ಟು, ಎಲ್ಲರ ದನಿ ಅಣಕಿಸುವ ನಾನು ಅವರನ್ನು ನುಂಗಮ್ಮ ಎನ್ನುತ್ತಿದ್ದೆ. ಬೆನ್ನ ಹಿಂದೆ ಮಾತ್ರ; ನನ್ನ ಧೈರ್ಯ ಅಷ್ಟೇ.

ತಾತನಿಗೆ ಲಕ್ವ ಹೊಡೆದು, ನುಂಗಿದ್ದೆಲ್ಲ ನೆತ್ತಿಗೆ ಹತ್ತುತ್ತಿತ್ತು. ನೆತ್ತಿಗೆ ಹತ್ತಿದರೆ ನಮ್ಮಲ್ಲಿ ನೆತ್ತಿ ತಟ್ಟಿ, “ಯಾರೋ ನೆನೆಸ್ಕೊಂಡ್ರು” ಅಂದು ಒಂದು ಲೋಟ ನೀರು ಕುಡಿಸುತ್ತಾರೆ. ಅಮ್ಮನೂ ಹಾಗೇ ಮಾಡಿದ್ದಳು. ಆ ನೀರು ಶ್ವಾಸಕೋಶಕ್ಕೆ ಇಳಿದು, ತಾತ ಆಸ್ಪತ್ರೆ ಸೇರಿ, ಮೂಗಿಗೆ ನಳಿಕೆ ಬಂತು. ಅದನ್ನು ತೆಗೆದು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: ಬಾಯಲ್ಲಿ ಸರಿಯಾಗಿ ಉಣ್ಣದಿದ್ದರೆ ಮತ್ತೆ ನಳಿಕೆಯೇ ಗತಿ.

ಆಸ್ಪತ್ರೆಯ ಚೀಟಿಯಲ್ಲಿ ಕಸ್ಟರ್ಡ್ ಕೊಡಿ ಎಂದಿತ್ತು. “ಕಸ್ಟರ್ಡು ಅನ್ನೋನು ಯಾವೂರೋನ್ಲಾ?” ಎಂದು ತಾತ ಗೋಡೆ ಕಡೆ ತಿರುಗಿ ಮಲಗಿದ. ಜೀವಮಾನವೆಲ್ಲ ಮುದ್ದೆಯನ್ನು ಅಗಿಯದೆ ನುಂಗಿದವನು, ನುಂಗಲು ಬಾರದೆ ಎರಡು ದಿನ ಉಪವಾಸ ಬಿದ್ದ.

ನುಂಗಮ್ಮ ನಮ್ಮ ಸೀಮೆಯವರೇ, ಹುಳಿಯಾರಿನ ಹೆಣ್ಣುಮಗಳು. ಚೀಟಿ ಮಡಚಿಟ್ಟು ನೇರ ಅಡುಗೆಮನೆಗೆ ನಡೆದರು. “ರಾಗಿಹಿಟ್ಟಿನ ಡಬ್ಬ ಎಲ್ಲೈತಕ್ಕಾ?” ಗಂಟಾಗದಂತೆ ಹಿಟ್ಟು ಕದಡಿ ಬೇಯಿಸಿ, ಸೋಸಿದ ಬಸ್ಸಾರು ಬೆರೆಸಿ, ಚಮಚ ಓರೆ ಮಾಡಿ ನೋಡಿದರು. ಸುರಿಯಲೂ ಬಾರದು, ಅಂಟಲೂ ಬಾರದು, ಮೆಲ್ಲಗೆ ಜಾರಬೇಕು.

“ಕೂಸಿನ ಸರಿ ಇದು,” ಎಂದ ತಾತ.

“ಅಲ್ಲ ತಾತ, ಎಳೇ ಮುದ್ದೆ. ಎಳನೀರು ಒಂದೇ ದಿನಕ್ಕೆ ಕೊಬ್ಬರಿ ಆಯ್ತದಾ? ಬಲೀಲಿ, ತಡೀರಿ.”

ತೆಂಗಿನ ತೋಟದ ಮಾತಿಗೆ ತಾತ ಎದ್ದು ಕೂತ. ಅವರು ಅವನನ್ನು ನಡುಮನೆಯಲ್ಲಿ ನಮ್ಮೆಲ್ಲರ ಸಾಲಿನಲ್ಲೇ ನೆಟ್ಟಗೆ ಕೂರಿಸಿ, ಅವನದೇ ಕಂಚಿನ ತಟ್ಟೆ ತರಿಸಿದರು. “ಗದ್ದ ಎದೆಗೆ ತಗ್ಗಿಸಿ. ನುಂಗಿ. ಈಗ ‘ಆ’ ಅನ್ನಿ ತಾತ.”

“ಆ…” ದನಿ ಗೊಳಗೊಳ ಎಂದಿತು.

ಅವರು ನನ್ನತ್ತ ತಿರುಗಿದರು. “ಊರೋರ ದನೀನೆಲ್ಲ ಕದೀತೀಯಂತಲ್ಲ, ಕೇಳಿಸ್ಕೋ. ಕೊಬ್ಬರಿ ಆಗ್ಲಿ ಅಂತ ಅಟ್ಟದಲ್ಲಿಟ್ಟ ಕಾಯಿ ಅಲ್ಲಾಡಿಸಿ ಒಳಗೆ ನೀರೈತಾ ನೋಡ್ತೀರಲ್ಲ, ಹಂಗೇ ಇದು. ಗೊಳಗೊಳ ಅಂದ್ರೆ ಗಂಟಲಲ್ಲಿ ಇನ್ನೂ ಐತೆ, ಮತ್ತೊಂದು ಸಲ ನುಂಗಿಸು. ದನಿ ಒಣಗಿದ್ಮೇಲೇ ಮುಂದಿನ ತುತ್ತು.”

ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮನಿಗೆ, “ನೆತ್ತಿ ತಟ್ಟಿ ಅಕ್ಕಾ, ಯಾರು ನೆನೆಸ್ಕೊಂಡ್ರು ಅಂತಾನೂ ಕೇಳಿ. ನೀರು ಮಾತ್ರ ಬ್ಯಾಡ. ಕೆಮ್ಮಲಿ ಬುಡಿ,” ಎಂದರು.

ಒಂದು ಮಧ್ಯಾಹ್ನ ನನ್ನ ನಾಲಿಗೆಗೆ ನವೆಯಾಯಿತು. ತಾತನ ಬಾಯಲ್ಲಿ ತುತ್ತಿದೆ, ನಾನು ನುಂಗಮ್ಮನ ದನಿಯಲ್ಲಿ “ಕಸ್ಟರ್ಡಪ್ಪೋರೇ, ಗದ್ದ ತಗ್ಗಿಸಿ” ಎಂದೆ. ತಾತ ನಕ್ಕುಬಿಟ್ಟ. ಕೆಮ್ಮು ಒತ್ತರಿಸಿ ಬಂತು, ಮುಖ ಕೆಂಪಾಯಿತು. ಅಮ್ಮನ ಕೈ ನೀರಿನ ಲೋಟಕ್ಕೆ ಹೋಗಿ, ಅಲ್ಲೇ ನಿಂತು, ನೆತ್ತಿಗೆ ಬಂತು. “ಯಾರೋ ನೆನೆಸ್ಕೊಂಡ್ರು ಕಣಪ್ಪಾ, ಕೆಮ್ಮು, ಕೆಮ್ಮು!” ಕೆಮ್ಮಿ ಕೆಮ್ಮಿ ಅಷ್ಟನ್ನೂ ನನ್ನ ಅಂಗಿಯ ಮೇಲೆ ಉಗಿದು, ತಾತ ತಾನಾಗಿಯೇ “ಆ” ಎಂದ. ಒಣಗಿತ್ತು.

ವಿಷಯ ತಿಳಿದು ಅವರು, “ತಾತನ ಬಾಯಲ್ಲಿ ತುತ್ತಿದ್ರೆ ನಿನ್ನ ಬಾಯಿಗೆ ಬೀಗ,” ಎಂದರು. ಅಂದಿನಿಂದ ದಿನಕ್ಕೆ ಮೂರು ಹೊತ್ತು ನಾನು ಮೌನಿ. ಊರಿಗೆ ಅವರಿಂದಾದ ದೊಡ್ಡ ಉಪಕಾರ ಇದೇ ಎಂದು ಅಮ್ಮ ಹೇಳುತ್ತಾಳೆ.

ಎಳೇ ಮುದ್ದೆ ನಿಧಾನಕ್ಕೆ ಬಲಿಯಿತು. ನಳಿಕೆ ಮರಳಿ ಬರಲಿಲ್ಲ. ಈಗ ಅವರಿಗೆ ದೂರದ ಊರಿಗೆ ವರ್ಗವಾಗಿದೆ. ವಾರಕ್ಕೊಮ್ಮೆ ಫೋನು ಮಾಡಿ, “ಆ ಅನ್ನಿ ತಾತ,” ಎನ್ನುತ್ತಾರೆ. ಮೊನ್ನೆ ನಾನೇ ಫೋನೆತ್ತಿ ತಾತನ ದನಿಯಲ್ಲಿ “ಆ” ಎಂದೆ. ಅಮ್ಮನೇ ಮೋಸಹೋಗುವ ದನಿ ಅದು.

“ಈ ನುಂಗಮ್ಮಂಗೆ ಎಲ್ಲಾ ಗಂಟಲೂ ಗೊತ್ತು ಕಣಪ್ಪ. ತಾತಂಗೆ ಕೊಡು ಫೋನು.”

ತಾತ ಗದ್ದ ತಗ್ಗಿಸಿ “ಆ” ಎಂದ. ಅಟ್ಟದ ಕೊಬ್ಬರಿಯಷ್ಟು ಒಣ. ಆಮೇಲೆ ಕೇಳಿದ:

“ಈ ವಾರ ಒಂದ್ಸಲಾನೂ ನೆತ್ತಿಗೆ ಹತ್ಲಿಲ್ಲವಲ್ಲವ್ವಾ. ನಮ್ಮನ್ನ ನೆನೆಸ್ಕೊಳ್ಳಲೇ ಇಲ್ವಾ ನೀನು?”