ಪದ್ಮವ್ವನ ಮಲಗಿದ ಶೇಂಗಾ

ತುಕ್ಕಾನಟ್ಟಿಯ ಪದ್ಮವ್ವನ ಬೀಜ ಸತ್ತಿದೆ ಎಂದು ಬರೆದವಳು ನಾನೇ. ಹುಕ್ಕೇರಿಯ ರೈತರ ಬೀಜ ಸಂಘದ ಪುಟ್ಟ ಪರೀಕ್ಷಾ ಕೋಣೆ ನನ್ನ ಸುಪರ್ದಿನಲ್ಲಿತ್ತು. ಕೈಯಲ್ಲೊಂದು ಕೃಷಿ ಡಿಪ್ಲೊಮಾ ಇತ್ತು, ತಲೆಯಲ್ಲಿ ಅದಕ್ಕಿಂತ ದೊಡ್ಡ ಜಂಭವಿತ್ತು.

ಪದ್ಮವ್ವ ಅರವತ್ತೆರಡರ ಹೆಂಗಸು, ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಚಾತುರ್ಮಾಸದಲ್ಲಿ ಮೊಳಕೆ ಕಾಳನ್ನು ಬಾಯಿಗಿಡದ ಜೈನರ ಮನೆಯಾಕೆ. ಆದರೆ ಯಾವ ಕಾಳು ಯಾವಾಗ ಮೊಳೆಯುತ್ತದೆ ಎಂಬುದನ್ನು ಅವಳಷ್ಟು ಬಲ್ಲವರು ಮೂಡಲಗಿಯ ಸುತ್ತ ಇರಲಿಲ್ಲ. ಅತ್ತೆ ಕೊಟ್ಟಿದ್ದ ಬಳ್ಳಿ ಶೇಂಗಾವನ್ನು ಮೂವತ್ತೆಂಟು ವರ್ಷ ಬಿಡದೆ ಬಿತ್ತಿದ್ದಳು. ಉಳಿದವರೆಲ್ಲ ಬೇಗ ಕೈಗೆ ಬರುವ ಗಿಡ್ಡ ತಳಿಗೆ ಹೋದಾಗ ಇವಳನ್ನು ನೋಡಿ ನಕ್ಕಿದ್ದರು.

ಆ ವರ್ಷ ಕೀಳುವ ಹೊತ್ತಿಗೆ ಸರಿಯಾಗಿ ಎಂಟು ದಿನ ಮಳೆ ಹಿಡಿಯಿತು. ಎಲ್ಲರ ಶೇಂಗಾ ನೆಲದೊಳಗೇ ಮೊಳೆತು ಹಾಳಾಯಿತು. ಪದ್ಮವ್ವನ ಹೊಲದಲ್ಲಿ ಒಂದು ಕಾಯಿಯೂ ಮೊಳೆಯಲಿಲ್ಲ. ನಕ್ಕವರೇ ಬೀಜ ಕೇಳಿಕೊಂಡು ಬಂದರು. ಬೇಸಿಗೆ ಬಿತ್ತನೆಗೆ ಎಲ್ಲರಿಗೂ ಇದೇ ಬೀಜ ಕೊಡೋಣವೆಂದು ಸಂಘ ಠರಾವು ಮಾಡಿತು. ಆಕೆ ಹನ್ನೆರಡು ಚೀಲ ತಂದು ನಮ್ಮ ಗೋದಾಮಿನಲ್ಲಿ ಇಳಿಸಿದಳು. ತನಗೆಂದು ಒಂದು ಬೊಗಸೆಯನ್ನೂ ಹಿಂದಿಟ್ಟುಕೊಳ್ಳಲಿಲ್ಲ.

ಕಿತ್ತು ಇಪ್ಪತ್ತು ದಿನವೂ ಆಗಿರಲಿಲ್ಲ. ನಾನು ನೂರು ಕಾಳು ಎಣಿಸಿ ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ನೂರಕ್ಕೆ ಎಪ್ಪತ್ತಾದರೂ ಮೊಳೆಯಬೇಕು. ಹತ್ತನೆಯ ದಿನ ಬಿಚ್ಚಿದರೆ ಹನ್ನೊಂದೇ ಮೊಳೆತಿದ್ದವು. ನಪಾಸಾದ ಬೀಜ ಎಣ್ಣೆ ಗಾಣಕ್ಕೆ ಹೋಗಬೇಕೆಂಬುದು ಸಂಘದ ನಿಯಮ. ಆ ಬೀಜ ಈ ಭಾಗದಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ.

ಸುದ್ದಿ ಕೇಳಿ ಮರುದಿನ ಮೊದಲ ಬಸ್ಸಿಗೇ ಪದ್ಮವ್ವ ಬಂದಳು.

"ಸತ್ತಿಲ್ಲ ತಂಗಿ, ಮಲಗ್ಯಾವ. ಬಿತ್ತೂ ಹೊತ್ತಿಗೆ ತಾವ ಏಳತಾವ."

"ಆಯಿ, ಲೆಕ್ಕ ಸುಳ್ಳು ಹೇಳಂಗಿಲ್ರಿ," ಎಂದೆ, ತಲೆಯೆತ್ತದೆ. ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಂಘದ ಅಧ್ಯಕ್ಷ ನೇಮಣ್ಣ ಆಕೆಯ ಮೈದುನ. "ವೈನಿ, ಎಲ್ಲಾರಿಗೂ ಒಂದ ನಿಯಮ. ಮನಿಯವರಂತ ಬಿಡಾಕ ಬರಂಗಿಲ್ಲ," ಎಂದ.

"ಬಿಡಬ್ಯಾಡ. ಹತ್ತ ದಿನ ಕೊಡು, ನಾ ಎಬ್ಬಿಸಿ ತೋರಿಸ್ತೀನಿ."

ಸಂತೆಗೆ ಹೋಗಿ ಆಕೆ ಎರಡು ಮುಚ್ಚಳದ ಡಬ್ಬಿ, ಒಂದು ಡಜನ್ ಕಳಿತ ಬಾಳೆಹಣ್ಣು ತಂದಳು. ಒಂದು ಡಬ್ಬಿಯಲ್ಲಿ ಬಾಳೆಹಣ್ಣಿನ ಜೊತೆ ನೂರು ಕಾಳು. ಇನ್ನೊಂದರಲ್ಲಿ ಬರೀ ಕಾಳು, ಅದೂ ನೂರು. ಎರಡಕ್ಕೂ ಮುಚ್ಚಳ ಬಿಗಿದಳು. ಹಣ್ಣಿಲ್ಲದ ಡಬ್ಬಿ ಯಾಕೆಂದು ಕೇಳಿದೆ.

"ಅದನ್ನ ಇಡದಿದ್ರ ನೀ ನಂಬಂಗಿಲ್ಲಲ್ಲ," ಎಂದು ನಕ್ಕಳು. ಹಿಂದೊಮ್ಮೆ ಬಾಳೆಗೊನೆಯನ್ನು ಹಣ್ಣಿಗೆ ಹಾಕಿದ ಪೀಪಾಯಿಯಲ್ಲೇ ಮರೆತು ಬೀಜವನ್ನೂ ತುಂಬಿದ್ದಳಂತೆ. ಗಂಡ ಬೈದಿದ್ದ. ಆದರೆ ಆ ಬೀಜವೇ ಎಲ್ಲಕ್ಕಿಂತ ಮೊದಲು ಮೊಳೆತಿತ್ತು.

ಮೂರು ದಿನದ ಮೇಲೆ ಎರಡೂ ಡಬ್ಬಿಯ ಕಾಳುಗಳನ್ನು ಬೇರೆ ಬೇರೆ ಒದ್ದೆ ಕಾಗದದಲ್ಲಿ ಸುತ್ತಿಟ್ಟೆ. ಅಷ್ಟರಲ್ಲಿ ನನಗೂ ಅನುಮಾನ ಶುರುವಾಗಿ ಹಳೆಯ ಪುಸ್ತಕ ತೆಗೆದೆ. ಎಲ್ಲವೂ ಅಲ್ಲೇ ಇತ್ತು. ಪರೀಕ್ಷೆಗೆಂದು ನಾನೇ ಉರು ಹೊಡೆದಿದ್ದೆ. ಬೀಜವನ್ನು ಮಲಗಿಸುವುದು ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು. ಜೀವಕೋಶದ ಪೊರೆಯ ಕೊಬ್ಬಿನ ಕಣಗಳು 'ಮಲಗಿರು' ಎಂಬ ಅದರ ಅಪ್ಪಣೆಯನ್ನು ಒಳಗೆ ಮುಟ್ಟಿಸುತ್ತವೆ. ಆ ಅಪ್ಪಣೆ ಇರುವವರೆಗೆ ಕಾಳು ತನ್ನ ಎಣ್ಣೆಯನ್ನು ಮುಟ್ಟದೆ ಕಾಯುತ್ತದೆ. ಕಳಿತ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಆ ನಿದ್ದೆಯನ್ನು ಕೆಡಿಸುತ್ತದೆ. ಆಗ ಎಣ್ಣೆ ಕರಗಿ ಮೊಳಕೆಗೆ ಆಹಾರವಾಗುತ್ತದೆ. ಎಂಟು ದಿನದ ಮಳೆಯಲ್ಲಿ ಬೆಳೆ ಉಳಿಸಿದ ನಿದ್ದೆಯನ್ನೇ ನಾನು ಸಾವೆಂದು ಬರೆದಿದ್ದೆ.

ಹತ್ತನೆಯ ದಿನ ಸಂಘದವರೆಲ್ಲ ಕೋಣೆಯಲ್ಲಿ ಒತ್ತಿ ನಿಂತಿದ್ದರು. ಹಣ್ಣಿಲ್ಲದ ಡಬ್ಬಿಯ ಕಾಳು ಮೊದಲು ಬಿಚ್ಚಿದೆ. ಹದಿನಾಲ್ಕು. ಯಾರೋ ನಿಟ್ಟುಸಿರು ಬಿಟ್ಟರು. ಇನ್ನೊಂದನ್ನು ಬಿಚ್ಚಿದೆ. ಕಾಗದದ ತುಂಬ ದಪ್ಪ ಬಿಳಿ ಬೇರುಗಳು! ಎಣಿಸಿದೆ, ನೇಮಣ್ಣನೂ ಎಣಿಸಿದ. ತೊಂಬತ್ಮೂರು.

"ಆಯಿ, ನಾ ತಪ್ಪು ಬರದಿದ್ದೆ. ನಿಮ್ಮ ಬೀಜ ಪಾಸ್ ರಿ!" ಎಂದು ಎಲ್ಲರ ಮುಂದೆ ಕೂಗಿದೆ. ಕಣ್ಣಲ್ಲಿ ನೀರು ಬಂದಿತ್ತು. ಮಂದಿ ಚಪ್ಪಾಳೆ ತಟ್ಟಿದರು.

ನೇಮಣ್ಣ ತಲೆ ತುರಿಸಿಕೊಂಡ. "ವೈನಿ, ಗಾಣಕ್ಕ ಒಯ್ಯಾಕಂತ ಟೆಂಪೋ ಕರಿಸಿಬಿಟ್ಟೇನಿ. ಹೊರಗ ನಿಂತೈತಿ."

"ಚಲೋ ಆತು," ಎಂದಳು ಪದ್ಮವ್ವ. "ಚೀಲ ಏರಸ್ರಿ."

ಹನ್ನೆರಡೂ ಚೀಲ ಏರಿದವು. ಸೆರಗು ಬಿಗಿದು ಆಕೆ ಡ್ರೈವರನ ಪಕ್ಕ ಹತ್ತಿ ಕುಳಿತಳು.

"ಗಾಣ ಎಲ್ಲೈತ್ರಿ?" ಎಂದು ಕೇಳಿದ ಅವನು.

"ಗಾಣ ಬ್ಯಾಡಪಾ. ಮೊದಲ ಧುಪದಾಳಕ್ಕ ನಡಿ. ಅಲ್ಲಿ ಸಂಘದ ಮಂದಿ ಬೀಜಕ್ಕ ಕಾಯಾಕತ್ತಾರ."